ಇನ್ನೂರೈವತ್ತು ರೂಪಾಯಿಯ ಮೀಟರು

ನವಿ ಮುಂಬಯಿಯ ಖಾರಘರದಲ್ಲಿ ಕಾರಿಟ್ಟುಕೊಂಡವರ ಪಾಡು ಹೆಚ್ಚುಕಡಿಮೆ ಒಂದೇ. ಸೋಮವಾರದಿಂದ ಶುಕ್ರವಾರದವರೆಗೆ ನಾವು ಹಾರ್ಬರ್ ಲೈನಿನ ಲೋಕಲ್ಲಿನಲ್ಲಿ ನೇತಾಡುತ್ತಿರುತ್ತೇವೆ, ಕಾರು ಸೊಸೈಟಿಯ ಕಂಬಗಳ ನಡುವೆ ಧೂಳು ಹೊದ್ದುಕೊಂಡು ಮಲಗಿರುತ್ತದೆ. ಶನಿವಾರ ಮಾಟುಂಗಾದ ಮದುವೆಗೋ, ವಾಶಿಯ ಕನ್ನಡ ಸಂಘದ ಕಾರ್ಯಕ್ರಮಕ್ಕೋ ಹೊರಡೋಣವೆಂದು ಕೀಲಿ ತಿರುಗಿಸಿದರೆ ಟಿಕ್ ಟಿಕ್ ಟಿಕ್, ಅಷ್ಟೇ. ಕಳೆದ ಮಳೆಗಾಲದಲ್ಲಿ ನನಗೆ ಹೀಗೆ ಮೂರು ಸಲ ಆಯಿತು. ಮೂರನೇ ಸಲ ಬ್ಯಾಟರಿ ಅಂಗಡಿಯ ಹುಡುಗ ಬಂದು, ಬಾನೆಟ್ ಎತ್ತಿ, ಕಣ್ಣಲ್ಲೇ ಪರೀಕ್ಷೆ ಮುಗಿಸಿ, 'ಡೆಡ್ ಆಗಿದೆ, ಬದಲಿಸಿಬಿಡಿ' ಎಂದ. ಎರಡು ವರ್ಷವೂ ತುಂಬದ ಬ್ಯಾಟರಿ. ಅವನ ಮಾತು ನಿಜವೋ ಸುಳ್ಳೋ ಹೇಳಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಅವನನ್ನು ಕಳಿಸಿ, ಸಂಜೆ ಉತ್ಸವ್ ಚೌಕದ ಕಡೆ ನಡೆದುಹೋಗಿ, ಇನ್ನೂರೈವತ್ತು ರೂಪಾಯಿ ಕೊಟ್ಟು ಹಳದಿ ಮಲ್ಟಿಮೀಟರೊಂದನ್ನು ತಂದೆ.

ನೀವೂ ನೋಡಿರುತ್ತೀರಿ. ಡಿಟಿ-830 ಎಂಬ ಮಾದರಿ. ಇದನ್ನು ಮಾಡುವ ಕಂಪನಿ ಯಾವುದು ಎಂದು ಕೇಳಿದರೆ ಉತ್ತರವಿಲ್ಲ. ಎಷ್ಟೋ ಕಾರ್ಖಾನೆಗಳು ಒಂದನ್ನೊಂದು ನೋಡಿ ಮಾಡುತ್ತವೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ರಾಶಿ ಹಾಕಿ ಮಾರುತ್ತಾರೆ. ನಡುವೆ ದೊಡ್ಡ ಗುಂಡಿ, ಕೆಳಗೆ ಮೂರು ತೂತು, ಒಂದು ಕೆಂಪು, ಒಂದು ಕಪ್ಪು ವಯರು, ಹೊಟ್ಟೆಯಲ್ಲಿ 9 ವೋಲ್ಟಿನ ಬ್ಯಾಟರಿ.

ನಮ್ಮ ಮೇಲಿನ ಮಹಡಿಯ ಗೆಳೆಯರು ತಳೋಜಾದ ಕಾರ್ಖಾನೆಯೊಂದರಲ್ಲಿ ಇದೇ ಬಗೆಯ ಉಪಕರಣಗಳ ನಡುವೆ ಕೂದಲು ನರೆಸಿಕೊಂಡವರು. ಮೀಟರು ನೋಡಿ ನಕ್ಕರು. 'ಇದು ಆಟಿಕೆ. ಮನೆ ಕರೆಂಟಿಗೆ ಹಚ್ಚಬೇಡಿ' ಎಂದು ತಮ್ಮ ಫ್ಲೂಕ್ 101 ತಂದು ಮೇಜಿನ ಮೇಲಿಟ್ಟರು. ಫ್ಲೂಕ್ ಕಂಪನಿಯ ಮೀಟರುಗಳಲ್ಲಿ ಅದು ಅಗ್ಗದ್ದೇ, ಆದರೂ ನನ್ನದರ ಹದಿನೈದಿಪ್ಪತ್ತು ಪಟ್ಟು ಬೆಲೆ. ಒಂದು ತಿಂಗಳು ಎರಡೂ ನನ್ನ ಬಳಿಯೇ ಇದ್ದವು. ಪ್ರತಿಯೊಂದನ್ನೂ ಎರಡೆರಡು ಸಲ ಅಳೆದೆ. ಹೆಂಡತಿ ಮಾತ್ರ ನನ್ನನ್ನು ಅಳೆಯುತ್ತಿದ್ದಳು.

ಮೊದಲು ಕಾರು. ಹನ್ನೆರಡು ವೋಲ್ಟಿನ ಸೀಸದ ಬ್ಯಾಟರಿ ತುಂಬಿ, ಕೆಲವು ಗಂಟೆ ವಿಶ್ರಾಂತಿ ಪಡೆದಿದ್ದರೆ 12.6ರ ಆಸುಪಾಸು ತೋರಿಸಬೇಕು. 12.2 ಎಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗಿಳಿದರೆ ತಳ ಕಾಣುತ್ತಿದೆ ಎಂದರ್ಥ. ಎಂಜಿನ್ ಓಡುತ್ತಿರುವಾಗ ಆಲ್ಟರ್ನೇಟರು ಸಾಮಾನ್ಯವಾಗಿ 13.8ರಿಂದ 14.4 ಕೊಡುತ್ತದೆ, ಈಚಿನ ಕೆಲವು ಕಾರುಗಳಲ್ಲಿ ಅದನ್ನು ಕಂಪ್ಯೂಟರು ಏರಿಸಿ ಇಳಿಸುವುದೂ ಉಂಟು. ನಿಂತ ಕಾರಿನಲ್ಲಿ ಮಾತ್ರ ತುಂಬಿದ್ದಕ್ಕೂ ಅರ್ಧಕ್ಕೂ ನಡುವಿನ ಅಂತರ ಬರೀ 0.4 ವೋಲ್ಟು. ಇಷ್ಟು ಸಣ್ಣ ಅಂತರವನ್ನು ಆಟಿಕೆ ಹಿಡಿಯಬಲ್ಲದೇ?

ಕೈಪಿಡಿ ತೆಗೆದು ಲೆಕ್ಕ ಹಾಕಿದೆ. ಹಳದಿ ಮೀಟರು ಡಿಸಿ ವೋಲ್ಟೇಜಿನಲ್ಲಿ ಒಪ್ಪಿಕೊಳ್ಳುವ ತಪ್ಪು ಶೇ. 0.5, ಅದರ ಮೇಲೆ ಕೊನೆಯ ಅಂಕಿಯಲ್ಲಿ ಎರಡು. 12.6ಕ್ಕೆ ಅದು ಹೆಚ್ಚುಕಮ್ಮಿ 0.08 ವೋಲ್ಟು. ಫ್ಲೂಕ್ 101 ಒಪ್ಪಿಕೊಳ್ಳುವುದು ಶೇ. 0.5, ಕೊನೆಯ ಅಂಕಿಯಲ್ಲಿ ಮೂರು. ಅಂದರೆ 0.09. ಮತ್ತೊಮ್ಮೆ ಕೂಡಿಸಿ ನೋಡಿದೆ, ಲೆಕ್ಕ ಬದಲಾಗಲಿಲ್ಲ. ಕಾರಿನ ಬ್ಯಾಟರಿಯ ಮಟ್ಟಿಗೆ ಕಾಗದದ ಮೇಲೆ ಇನ್ನೂರೈವತ್ತರದ್ದೇ ಕೂದಲೆಳೆಯಷ್ಟು ಮುಂದೆ! ರಾತ್ರಿಯಿಡೀ ಚಾರ್ಜು ಮಾಡಿ, ಮಧ್ಯಾಹ್ನದವರೆಗೆ ಬಿಟ್ಟು ಅಳೆದಾಗ ಒಂದು 12.61 ಎಂದಿತು, ಇನ್ನೊಂದು 12.58.

ಗೆಳೆಯರಿಗೆ ಇದನ್ನು ಉತ್ಸಾಹದಿಂದ ಹೇಳಿದೆ. 'ಕಾಗದದ ಮೇಲೆ ಬರೆಯಲು ಯಾರಪ್ಪನ ಗಂಟು ಹೋಗಬೇಕು?' ಎಂದರು. ನ್ಯಾಯವಾದ ಮಾತು. ಫ್ಲೂಕ್ ಬರೆದದ್ದಕ್ಕೆ ಫ್ಲೂಕ್ ಜವಾಬು ಕೊಡಬೇಕು. ನನ್ನ ಮೀಟರು ಇವತ್ತು ಸರಿಯಿದೆ ಎಂದಷ್ಟೇ ನಾನು ಬಲ್ಲೆ. ಅದೇ ರಾಶಿಯಲ್ಲಿ ಪಕ್ಕದಲ್ಲಿದ್ದ ಮೀಟರಿನ ಬಗ್ಗೆ ಯಾರೂ ಏನೂ ಹೇಳಲಾರರು.

ಬ್ಯಾಟರಿ ಸತ್ತಿರಲಿಲ್ಲ. ಸೆಲ್ಫ್ ಹೊಡೆಯುವಾಗಲೂ 10ರ ಮೇಲೆಯೇ ನಿಂತಿತು. ಹಾಗಾದರೆ ಕರೆಂಟು ಎಲ್ಲೋ ಸೋರುತ್ತಿದೆ. ಸೋರಿಕೆ ಹಿಡಿಯಲು ಆಂಪಿಯರ್ ಅಳೆಯಬೇಕು: ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ತಂತಿಗೂ ಬ್ಯಾಟರಿಗೂ ನಡುವೆ ಮೀಟರನ್ನು ಕೂರಿಸಿ, ಬಾಗಿಲು ಲಾಕ್ ಮಾಡಿ, ಕಾರಿನ ಕಂಪ್ಯೂಟರುಗಳು ನಿದ್ದೆ ಹೋಗಲು ಅರ್ಧ ಗಂಟೆ ಕಾಯಬೇಕು. ತಮಾಷೆ ಎಂದರೆ ಫ್ಲೂಕ್ 101ಕ್ಕೆ ಆಂಪಿಯರ್ ಅಳೆಯಲು ಬರುವುದೇ ಇಲ್ಲ, ಆ ತೂತೇ ಅದಕ್ಕಿಲ್ಲ. ಹಳದಿಗೆ 10 ಆಂಪಿಯರಿನ ತೂತಿದೆ. ಸೊಸೈಟಿಯ ಆ ಕಂಬಗಳ ನಡುವೆ ಸೊಳ್ಳೆ ಹೊಡೆದುಕೊಳ್ಳುತ್ತಾ ಕೂತೆ. ಅರ್ಧ ಗಂಟೆಯ ಮೇಲೂ 0.28 ಎಂದೇ ತೋರಿಸುತ್ತಿತ್ತು. ನಿಂತ ಕಾರಿಗೆ 0.05ರೊಳಗೆ ಇದ್ದರೆ ಸರಿ. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಿದಾಗ ಸಿಕ್ಕಿಬಿದ್ದದ್ದು ಡ್ಯಾಶ್‌ಕ್ಯಾಮು. ಅದನ್ನು ಹಾಕಿಕೊಟ್ಟವರು ಕೀಲಿ ತೆಗೆದರೂ ಆರದ ಲೈನಿಗೆ ಜೋಡಿಸಿದ್ದರು. 0.28 ಅನ್ನು 24 ಗಂಟೆಗೆ ಗುಣಿಸಿದರೆ ದಿನಕ್ಕೆ 6.7 ಆಂಪಿಯರ್-ಗಂಟೆ, ಐದು ದಿನಕ್ಕೆ 33ಕ್ಕೂ ಮೇಲೆ. ನನ್ನ ಬ್ಯಾಟರಿ 35ರದ್ದು. ಸೋಮವಾರ ಲೋಕಲ್ ಹತ್ತಿದವನ ಕಾರು ಶನಿವಾರ ಟಿಕ್ ಟಿಕ್ ಎನ್ನದೆ ಇನ್ನೇನು ಮಾಡೀತು?

ಮೀಟರಿನ ಬೆಲೆ ಅವತ್ತೇ ಹುಟ್ಟಿತು. ಆದರೆ ಅವತ್ತೇ ಒಂದು ಎಡವಟ್ಟೂ ಆಗುವುದರಲ್ಲಿತ್ತು. ನೋಡಲು ಬಂದ ನೆರೆಯವರೊಬ್ಬರು, 'ಈಗ ಒಂದು ಸಲ ಸೆಲ್ಫ್ ಹೊಡೆದು ನೋಡೋಣವೇ?' ಎಂದರು. ಸ್ಟಾರ್ಟರು ನೂರಾರು ಆಂಪಿಯರ್ ಎಳೆಯುತ್ತದೆ. ಆ ಕೂದಲಿನಂಥ ವಯರಿನ ಮೂಲಕ ಅಷ್ಟು ಹರಿಸಲು ಹೊರಟಿದ್ದರೆ ಮೀಟರನ್ನು ಅಲ್ಲೇ ದಹನ ಮಾಡಬೇಕಾಗಿತ್ತು. ಅವರೇ ಆಮೇಲೆ ಗುಂಡಿಯನ್ನು ಎಸಿ ಕಡೆ ತಿರುಗಿಸಿ ಬ್ಯಾಟರಿಗೆ ಹಚ್ಚಿದಾಗ 27 ವೋಲ್ಟು ಚಿಲ್ಲರೆ ಬಂತು. ಗಾಬರಿಯಾದರು. ಈ ಅಗ್ಗದ ಮೀಟರುಗಳ ಒಳಗೆ ಎಸಿ ಅಳೆಯಲು ಒಂದೇ ಡಯೋಡಿನ ಅರ್ಧ ಅಲೆಯ ಏರ್ಪಾಟು. ಡಿಸಿ ಕೊಟ್ಟರೆ ದುಪ್ಪಟ್ಟಿಗೂ ಮೀರಿ ತೋರಿಸುತ್ತದೆ, ವಯರು ತಿರುವುಮುರುವು ಮಾಡಿದರೆ ಸೊನ್ನೆ. ಬಲ್ಲವನಿಗೆ ಇದು ವಿನೋದ, ಹೊಸಬನಿಗೆ ದಾರಿ ತಪ್ಪಿಸುವ ಕೈಮರ.

ಇನ್ನು ಮನೆ. ಇಲ್ಲಿ ಲೆಕ್ಕ ತಿರುಗಿಬೀಳುತ್ತದೆ. ಹಳದಿ ಮೀಟರಿನಲ್ಲಿ ಎಸಿಗೆ ಎರಡೇ ಮೆಟ್ಟಿಲು, 200 ಮತ್ತು 750. ನಮ್ಮ 230 ವೋಲ್ಟಿಗೆ 750ಕ್ಕೇ ಹೋಗಬೇಕು. ಅಲ್ಲಿ ಅದು ಒಪ್ಪಿಕೊಳ್ಳುವ ತಪ್ಪು ಶೇ. 1.2, ಮೇಲೆ ಹತ್ತು ಅಂಕಿ. ಒಟ್ಟು ಸುಮಾರು 13 ವೋಲ್ಟು. ಫ್ಲೂಕಿನದು ಮೂರು ವೋಲ್ಟಿಗೂ ಕಡಿಮೆ. 1956ರ ಭಾರತೀಯ ವಿದ್ಯುತ್ ನಿಯಮಗಳು ಮನೆಯ ವೋಲ್ಟೇಜು ಶೇ. 6ಕ್ಕಿಂತ ಹೆಚ್ಚು ಏರಿಳಿಯಕೂಡದು ಎನ್ನುತ್ತಿದ್ದವು. 230ಕ್ಕೆ ಅದು ಸುಮಾರು 14 ವೋಲ್ಟು. ಏರಿಳಿತಕ್ಕೆ ಕೊಟ್ಟ ಸಲಿಗೆಯಷ್ಟೇ ಮೀಟರಿನ ತಪ್ಪೂ ಇದೆ. ವೋಲ್ಟೇಜು ಕಡಿಮೆಯೆಂದು ವಿದ್ಯುತ್ ಕಂಪನಿಯಾದ ಮಹಾವಿತರಣಕ್ಕೆ ದೂರು ಕೊಡಲು ಹಳದಿ ಮೀಟರನ್ನು ಸಾಕ್ಷಿಗೆ ಕರೆದೊಯ್ದರೆ ನಗೆಪಾಟಲು.

ಆದರೆ ಮನೆಯಲ್ಲಿ ನಾವು ಕೇಳುವ ಪ್ರಶ್ನೆ 228 ಇದೆಯೋ 233 ಇದೆಯೋ ಎಂಬುದಲ್ಲ. ಇದೆಯೋ ಇಲ್ಲವೋ, ಅಷ್ಟೇ. ನಮ್ಮ ಫ್ರಿಜ್ ಒಂದು ಬೆಳಿಗ್ಗೆ ಸುಮ್ಮನಾಯಿತು. ಎಲೆಕ್ಟ್ರಿಷಿಯನ್ ಬಂದು ಪ್ಲಗ್ಗಿನ ತೂತಿಗೆ ಟೆಸ್ಟರ್ ಚುಚ್ಚಿದ, ದೀಪ ಉರಿಯಿತು. 'ಕರೆಂಟು ಬರ್ತಾ ಇದೆ, ಕಂಪ್ರೆಸರ್ ಹೋಗಿರಬೇಕು' ಎಂದು ಇನ್ನೂರು ಇಸಿದುಕೊಂಡು ಹೋದ. ಟೆಸ್ಟರ್ ಹೇಳುವುದು ಫೇಸ್ ಇದೆ ಎಂಬುದನ್ನು ಮಾತ್ರ. ನ್ಯೂಟ್ರಲ್ ತುಂಡಾಗಿದ್ದರೆ ಅದಕ್ಕೆ ಗೊತ್ತಾಗುವುದೇ ಇಲ್ಲ. ಹಳದಿ ಮೀಟರಿನಲ್ಲಿ ನೋಡಿದರೆ ಫೇಸಿಗೂ ಅರ್ಥಿಗೂ ನಡುವೆ 231, ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ ಇಪ್ಪತ್ತು ಚಿಲ್ಲರೆ. ಸಾಕೆಟ್ಟಿನ ಹಿಂದೆ ನ್ಯೂಟ್ರಲ್ ತಂತಿ ಸ್ಕ್ರೂ ಬಿಟ್ಟು ಕಪ್ಪಗಾಗಿ ಕೂತಿತ್ತು. ಅದೇ ಜಾಗದಲ್ಲಿ ಫ್ಲೂಕ್ ಹಚ್ಚಿದಾಗ 80ರ ಮೇಲೆ ತೋರಿಸಿತು! ಅದು ಫ್ಲೂಕಿನ ತಪ್ಪಲ್ಲ. ಅದರ ಒಳರೋಧ ಒಂದು ಕೋಟಿ ಓಮ್, ಹಳದಿಯದು ಹತ್ತು ಲಕ್ಷದ ಆಸುಪಾಸು. ಪಕ್ಕದ ತಂತಿಯಿಂದ ತುಂಡುತಂತಿಗೆ ಜಿನುಗುವ ದೆವ್ವದ ವೋಲ್ಟೇಜನ್ನೂ ಒಳ್ಳೆಯ ಮೀಟರು ನಿಷ್ಠೆಯಿಂದ ಓದುತ್ತದೆ; ಹಳದಿ ಅದನ್ನು ಹೀರಿ ಕುಡಿದುಬಿಡುತ್ತದೆ. ದಡ್ಡತನವೂ ಕೆಲವೊಮ್ಮೆ ಉಪಕಾರಿ.

ಊರಿನ ಮನೆಯ ಹಳೇ ಚೌಕದಲೆಯ ಇನ್ವರ್ಟರ್ ಅಳೆಯಹೋದರೆ ಮಾತ್ರ ಹಳದಿಯನ್ನು ನಂಬಬೇಡಿ. 230 ಇದ್ದದ್ದನ್ನು 255 ಎನ್ನುತ್ತದೆ, ಶೇ. 11 ಹೆಚ್ಚು.

ಈಗ ಗೆಳೆಯರ ನಿಜವಾದ ತಕರಾರಿಗೆ ಬರುತ್ತೇನೆ. ಒಂದು ಭಾನುವಾರ ಅವರು ನನ್ನ ಮೀಟರಿನ ಬೆನ್ನಿನ ಎರಡು ಸ್ಕ್ರೂ ಬಿಚ್ಚಿದರು. ಒಳಗೆ ಚಿಪ್ಪು ಇರಬೇಕಾದ ಜಾಗದಲ್ಲಿ ಡಾಂಬರಿನ ಬೊಟ್ಟಿನಂಥದ್ದು. ಅದರ ಅಡಿಯಲ್ಲಿರುವುದು 1970ರ ದಶಕದಲ್ಲಿ ಇಂಟರ್ಸಿಲ್ ಕಂಪನಿ ತಂದ 7106 ಎಂಬ ಚಿಪ್ಪಿನ ಮರಿಮೊಮ್ಮಗ. ಪಕ್ಕದಲ್ಲಿ ಬೆರಳುಗುರಿನಷ್ಟು ಗಾಜಿನ ಫ್ಯೂಸು, ಅದು ಮಿಲಿಆಂಪಿಯರಿನ ದಾರಿಗೆ. 10 ಆಂಪಿಯರಿನ ತೂತಿನಿಂದ ಮಾತ್ರ ಬಾಗಿಸಿದ ದಪ್ಪ ತಂತಿಯೊಂದು ನೇರ ಕಪ್ಪು ತೂತಿಗೆ. ನಡುವೆ ಫ್ಯೂಸಿಲ್ಲ.

'ಈಗ ಯೋಚಿಸಿ' ಎಂದರು. 'ನಿನ್ನೆ ಕಾರಿನ ಸೋರಿಕೆ ನೋಡಿದಿರಿ. ಕೆಂಪು ವಯರು 10 ಆಂಪಿಯರಿನ ತೂತಿನಲ್ಲೇ ಉಳಿಯಿತು. ಇವತ್ತು ಗಡಿಬಿಡಿಯಲ್ಲಿ ಅಡುಗೆಮನೆ ಪ್ಲಗ್ಗಿಗೆ ಚುಚ್ಚಿದಿರಿ. ನೀವು ಅಳೆಯುತ್ತಿಲ್ಲ, ಫೇಸನ್ನೂ ನ್ಯೂಟ್ರಲ್ಲನ್ನೂ ತಂತಿಯಿಂದ ಕಟ್ಟುತ್ತಿದ್ದೀರಿ.' 230 ಎನ್ನುವ ಕರೆಂಟಿನ ಅಲೆಯ ತುದಿ 325 ವೋಲ್ಟು. ಎಂಸಿಬಿ ಬೀಳುತ್ತದೆ, ನಿಜ. ಬೀಳುವ ಮೊದಲು ಕೈಯಲ್ಲಿ ಏನು ಸಿಡಿಯುತ್ತದೆ ಎಂಬುದು ಆ ವಯರಿನ ಪ್ಲಾಸ್ಟಿಕ್ಕಿಗೆ ಬಿಟ್ಟದ್ದು. ಒಳ್ಳೆಯ ಮೀಟರುಗಳಲ್ಲಿ ಆಂಪಿಯರಿನ ದಾರಿಗೆ ಮರಳು ತುಂಬಿದ ದೊಡ್ಡ ಫ್ಯೂಸು ಇರುತ್ತದೆ. ಒಳಗಿನ ಕಿಡಿಯನ್ನು ಮರಳು ಅಲ್ಲೇ ನಂದಿಸುತ್ತದೆ. ಫ್ಲೂಕ್ 101ರ ಮೇಲೆ ಕ್ಯಾಟ್ 3, 600 ವೋಲ್ಟು ಎಂದಿದೆ, ಅಂದರೆ ಮನೆಯ ಡಿಸ್ಟ್ರಿಬ್ಯೂಷನ್ ಬೋರ್ಡಿನವರೆಗೆ ಹೋಗಬಹುದು, ಹಾಗೆಂದು ಪರೀಕ್ಷೆಯಾಗಿದೆ. ಅಗ್ಗದ ಡಬ್ಬಿಗಳ ಮೇಲೂ ಕೆಲವೊಮ್ಮೆ ಆ ಅಕ್ಷರಗಳಿರುತ್ತವೆ. ಅಚ್ಚು ಹಾಕಲು ಪರೀಕ್ಷೆ ಬೇಕಿಲ್ಲ.

ಆಗ ಹೊಳೆಯಿತು: ಫ್ಲೂಕ್ 101ಕ್ಕೆ ಆಂಪಿಯರಿನ ತೂತಿಲ್ಲದ್ದು ಕಾರಿನ ಬಳಿ ಕೊರತೆ, ಅಡುಗೆಮನೆಯಲ್ಲಿ ಅದೇ ರಕ್ಷೆ. ಇರುವುದೇ ಎರಡು ತೂತು, ತಪ್ಪಾಗಿ ಚುಚ್ಚಲು ಮೂರನೆಯದಿಲ್ಲ. ಹೆಚ್ಚಿನ ದುಡ್ಡು ಕರಾರುವಾಕ್ಕಾದ ಅಂಕಿಗೆ ಎಂದುಕೊಂಡಿದ್ದೆ. ಹೆಚ್ಚಿನ ಪಾಲು ಹೋಗುವುದು ನಾವು ತಪ್ಪು ಮಾಡುವ ಆ ಒಂದು ದಿನಕ್ಕೆ.

ಹಾಗೆಂದು ಗೆಳೆಯರ ಮಾತನ್ನು ಪೂರ್ತಿ ಒಪ್ಪಲಾರೆ. ಐದು ಸಾವಿರದ ಮೀಟರೇ ಬೇಕು ಎಂದರೆ ನೂರು ಮನೆಗಳಲ್ಲಿ ತೊಂಬತ್ತೈದು ಮನೆಯವರು ಯಾವ ಮೀಟರನ್ನೂ ಕೊಳ್ಳುವುದಿಲ್ಲ. ಟೆಸ್ಟರಿನ ದೀಪವನ್ನೂ ಅಂಗಡಿ ಹುಡುಗನ ಕಣ್ಣನ್ನೂ ನಂಬಿಕೊಂಡೇ ಇರುತ್ತಾರೆ. ಸತ್ತಿರದ ಬ್ಯಾಟರಿ ಬದಲಿಸುತ್ತಾರೆ, ಕೆಡದ ಕಂಪ್ರೆಸರ್ ರಿಪೇರಿ ಮಾಡಿಸುತ್ತಾರೆ. ಕಾರಿನ ಹನ್ನೆರಡು ವೋಲ್ಟು ಒಣಗಿದ ಕೈಗೆ ಶಾಕ್ ಕೊಡುವುದಿಲ್ಲ. ಅಲ್ಲಿ ತಪ್ಪು ಮಾಡಿ ಕಲಿಯಲು ಇನ್ನೂರೈವತ್ತರ ಮೀಟರಿಗಿಂತ ಒಳ್ಳೆಯ ಮೇಷ್ಟ್ರಿಲ್ಲ. (ನಮ್ಮ ಸೊಸೈಟಿಗೂ ಈಗ ವಿದ್ಯುತ್ ಕಾರುಗಳು ಬಂದಿವೆ. ಅವುಗಳ ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ಸಾಮಾನ್ಯವಾಗಿ 300 ವೋಲ್ಟಿಗೂ ಹೆಚ್ಚು ಡಿಸಿ ಇರುತ್ತದೆ. ಅಲ್ಲಿಗೆ ಎರಡು ಮೀಟರುಗಳಲ್ಲಿ ಯಾವುದನ್ನೂ ಒಯ್ಯಬೇಡಿ, ಏರ್‌ಬ್ಯಾಗಿನ ವಯರುಗಳಿಗೂ ಅಷ್ಟೇ.)

ಒಂದು ದೂರು ಮಾತ್ರ ಹಳದಿಯ ಮೇಲೆ ಉಳಿದಿದೆ. ಅದು ತಾನಾಗಿ ಆರುವುದಿಲ್ಲ. ಗುಂಡಿ ತಿರುಗಿಸಲು ಮರೆತು ಡಿಕ್ಕಿಯಲ್ಲಿಟ್ಟಿದ್ದೆ. ಕೆಲವು ದಿನಗಳ ಮೇಲೆ ತೆಗೆದು ಹಚ್ಚಿದರೆ, ನಿಂತ ಕಾರಿನ ಬ್ಯಾಟರಿ 13.9! ಅಂಥದ್ದು ಸಾಧ್ಯವೇ ಇಲ್ಲ. ಒಳಗಿನ 9 ವೋಲ್ಟಿನ ಬ್ಯಾಟರಿ ಕುಸಿದಾಗ ಇಂಥ ಮೀಟರು ಎಲ್ಲವನ್ನೂ ಹಿಗ್ಗಿಸಿ ಹೇಳುತ್ತದೆ. ಕೆಟ್ಟು ಸುಮ್ಮನಾಗುವ ಉಪಕರಣ ವಾಸಿ. ಇದು ಬಾಯಿ ಮುಚ್ಚದೆ ಸುಳ್ಳು ಹೇಳುತ್ತಾ ಕೂತಿರುತ್ತದೆ.

ಆ ಹಳದಿ ಬಣ್ಣವೂ ಜಗಳದ ಬಣ್ಣವೇ. 2014ರಲ್ಲಿ ಅಮೆರಿಕದ ಸ್ಪಾರ್ಕ್‌ಫನ್ ಎಂಬ ಕಂಪನಿ ತರಿಸಿದ ಎರಡು ಸಾವಿರದಷ್ಟು ಅಗ್ಗದ ಮೀಟರುಗಳನ್ನು ಅಲ್ಲಿನ ಕಸ್ಟಮ್ಸ್ ತಡೆಹಿಡಿಯಿತು; ಬೂದು ಮೈಗೆ ಹಳದಿ ಅಂಚು ಫ್ಲೂಕಿನ ಗುರುತು ಎಂಬ ಕಾರಣಕ್ಕೆ. ಕೊನೆಗೆ ಫ್ಲೂಕ್ ತನ್ನದೇ ಮೀಟರುಗಳನ್ನು ಅವರಿಗೆ ದಾನ ಕೊಟ್ಟು ಮುಖ ಉಳಿಸಿಕೊಂಡಿತು. ಲ್ಯಾಮಿಂಗ್ಟನ್ ರಸ್ತೆಗೆ ಅಂಥ ಕಸ್ಟಮ್ಸ್ ಬಂದರೆ ಅರ್ಧ ರಸ್ತೆ ಖಾಲಿಯಾದೀತು.

ಇನ್ನೂರೈವತ್ತರ ಮೀಟರಿಗೂ ಫ್ಲೂಕಿಗೂ ನಡುವೆ ಇನ್ನೊಂದು ದಾರಿಯೂ ಇದೆ. ಮೀಟರು ಮಾಡುವ ಮೆಕೋ ಇರುವುದು ಇಲ್ಲೇ ಮಹಾಪೆಯಲ್ಲಿ. ರಿಷಭ್ ಮತ್ತು ಮೋಟ್ವಾನೆ ನಾಸಿಕದಲ್ಲಿ. ಆಂಪಿಯರಿನ ದಾರಿಗೂ ಫ್ಯೂಸು ಇರುವ, ತಾನಾಗಿ ಆರುವ, ಕೇಳಿದರೆ ಉತ್ತರ ಕೊಡುವ ಕಂಪನಿಯ ಮೀಟರು ಕೊಳ್ಳಬೇಕೆನ್ನುವವರು ಇವುಗಳನ್ನು ವಿಚಾರಿಸಲಿ. ಮನೆಗೂ ಕಾರಿಗೂ ಒಂದೇ ಮೀಟರು ಸಾಕೆಂದರೆ ನನ್ನ ಮತ ಅಂಥದ್ದಕ್ಕೇ.

ನಾನು ಮಾತ್ರ ಬೇರೆ ದಾರಿ ಹಿಡಿದೆ. ಫ್ಲೂಕ್ ಮೇಲಿನ ಮಹಡಿಗೆ ಮರಳಿತು. ಅದರಂಥದ್ದೇ ಒಂದನ್ನು ದೀಪಾವಳಿಗೆ ಕೊಂಡು ಡಿಸ್ಟ್ರಿಬ್ಯೂಷನ್ ಬೋರ್ಡಿನ ಪಕ್ಕ ನೇತುಹಾಕಿದ್ದೇನೆ. ಹಳದಿಯದು ಕಾರಿನ ಡಿಕ್ಕಿಯಲ್ಲಿ, ಹಳೇ ಕಾಲುಚೀಲದೊಳಗೆ ಇದೆ, ಮನೆಯೊಳಗೆ ಬರುವಂತಿಲ್ಲ. ಅದರ 10 ಆಂಪಿಯರಿನ ತೂತಿಗೆ ಕೆಂಪು ಟೇಪು ಅಂಟಿಸಿದ್ದೇನೆ. ಮೊನ್ನೆ ಎದುರು ಫ್ಲ್ಯಾಟಿನವರ ಸ್ಕೂಟರಿಗೆ ಆ ಟೇಪು ಕಿತ್ತೆ, ಕೆಲಸ ಮುಗಿದ ಕೂಡಲೇ ಮತ್ತೆ ಅಂಟಿಸಿದೆ.