ಮುಂದಿನ ಬ್ರೇಕ್ ಮುಟ್ಟಬೇಡಿ ಎಂಬ ಪಾಠ ನಿಲ್ಲಲಿ



ಓಡುವ ಗಾಡಿಗೆ ಬ್ರೇಕ್ ಹಾಕಿದೊಡನೆ ಭಾರ ಮುಂದಕ್ಕೆ ಸರಿಯುತ್ತದೆ. ಮುಂದಿನ ಚಕ್ರ ರಸ್ತೆಯನ್ನು ಒತ್ತಿ ಹಿಡಿಯುತ್ತದೆ, ಹಿಂದಿನದು ಹಗುರಾಗುತ್ತದೆ. ಹಾಗಾಗಿ ಗಾಡಿ ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲು ಮುಂದಿನ ಬ್ರೇಕಿನದು. ಆದರೂ ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಮೊನ್ನೆ ಕಾಲೇಜು ಹುಡುಗಿಯೊಬ್ಬಳು ಸ್ಕೂಟರಿನಿಂದ ಬಿದ್ದಾಗ ಸೇರಿದ್ದವರೆಲ್ಲ ಮುಂದಿನ ಬ್ರೇಕನ್ನೇ ದೂರಿದರು. ಆದರೆ ಸ್ಕೂಟರಿನ ಹಿಂಭಾಗ ಅಡ್ಡಕ್ಕೆ ತಿರುಗಿ ಮಗುಚಿತ್ತು. ಅದು ಹಿಂದಿನ ಚಕ್ರ ಲಾಕ್ ಆದಾಗ ಬೀಳುವ ರೀತಿ.

ಸಣ್ಣ ಕಾರಿನ ಭಾರದಲ್ಲಿ ನೂರಕ್ಕೆ 60 ಪಾಲು ಮುಂದಿನ ಚಕ್ರಗಳ ಮೇಲಿದ್ದರೆ, ಜೋರಾಗಿ ಬ್ರೇಕ್ ಹಾಕಿದಾಗ ಅದು ಸುಮಾರು 75ಕ್ಕೆ ಏರುತ್ತದೆ. ಆದ್ದರಿಂದಲೇ ಕಾರಿನ ಹಿಂದಿನ ಬ್ರೇಕಿಗೆ ಬಲ ಕಡಿಮೆ ಹೋಗುವಂತೆ ಮಾಡಿರುತ್ತಾರೆ. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಕಾರು ಗಿರಕಿ ಹೊಡೆಯುತ್ತದೆ. ರೇಸಿನ ಪುಟ್ಟ ಗಾಡಿ ಗೋ ಕಾರ್ಟಿನ ಮಾತು ಬೇರೆ: ಚಾಲಕ ನೆಲಕ್ಕೆ ತಾಗುವಂತೆ ಕೂರುತ್ತಾನೆ, ಭಾರ ಹಿಂದೆಯೇ ಹೆಚ್ಚು, ಅಲ್ಲಿ ಹಿಂದಿನ ಆಕ್ಸಲಿನ ಒಂದೇ ಡಿಸ್ಕ್ ಸಾಕಾಗುತ್ತದೆ. ಸ್ಕೂಟರ್ ಗೋ ಕಾರ್ಟ್ ಅಲ್ಲ. ಚಕ್ರಗಳ ನಡುವಿನ ಅಂತರ ಕಾರಿನ ಅರ್ಧದಷ್ಟು, ಸವಾರ ಕೂರುವುದು ಎತ್ತರದಲ್ಲಿ. ಭಾರ ಮುಂದಕ್ಕೆ ಸರಿಯುವುದು ಇನ್ನೂ ಹೆಚ್ಚು. ಚಾರ್ಮಾಡಿ ಘಾಟಿ ಇಳಿಯುವಾಗ ಇಳಿಜಾರೂ ಅದಕ್ಕೆ ಸೇರುತ್ತದೆ.

ಇಷ್ಟಾದರೂ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಮನೆಯಲ್ಲಿ ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡುವುದು "ಮುಂದಿನದು ಮುಟ್ಟಬೇಡ" ಎಂದು. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಜೋಡಿ ಬ್ರೇಕ್, ಅದಕ್ಕೆ ಮೇಲ್ಪಟ್ಟವಕ್ಕೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ಜೋಡಿ ಬ್ರೇಕಿನ ಸ್ಕೂಟರಿನಲ್ಲಿ ಎಡಗೈ ಲಿವರ್ ಹಿಡಿದರೆ ಮುಂದಿನ ಚಕ್ರಕ್ಕೂ ಸ್ವಲ್ಪ ಬಲ ಹೋಗುತ್ತದೆ. ಕಾನೂನೇ ಮುಂದಿನ ಬ್ರೇಕನ್ನು ಬಳಕೆಗೆ ತಂದಿರುವಾಗ ಊರವರು ಅದನ್ನು ಬೇಡವೆನ್ನುವುದು ನಾಚಿಕೆಗೇಡು.

ಮುಂದಿನ ಚಕ್ರವೂ ಜಾರುವುದುಂಟು, ಅದಕ್ಕೆ ರಸ್ತೆಯೂ ಕಾರಣ. ಹೆದ್ದಾರಿ ಅಗಲಗೊಳಿಸುವ ಕಾಮಗಾರಿಯಲ್ಲಿ ತಿರುವುಗಳಲ್ಲೇ ಜಲ್ಲಿಪುಡಿ, ಕೆಂಪು ಮಣ್ಣು ಬಿಟ್ಟು ಹೋಗುತ್ತಾರೆ. ಮೊದಲ ಮಳೆಗೆ ಅದು ಲೋಳೆಯಾಗುತ್ತದೆ. ಗುಡಿಸಿ ತೆಗೆಯಬೇಕಾದವರನ್ನು ಯಾರೂ ಕೇಳುವುದಿಲ್ಲ, ಬಿದ್ದವರಿಗೇ ಬೈಗುಳ.

ಕಲಿಸಬೇಕಾದದ್ದು ಇಷ್ಟು: ಗಾಡಿ ನೇರವಿರುವಾಗ ಎರಡೂ ಬ್ರೇಕ್ ಒಟ್ಟಿಗೆ, ಬಲಗೈಯ ಎರಡು ಬೆರಳಿನಿಂದ ಮೊದಲು ಮೆಲ್ಲಗೆ, ಭಾರ ಮುಂದೆ ಬಂದ ಮೇಲೆ ಗಟ್ಟಿಯಾಗಿ, ತಿರುವಿನೊಳಗೆ ಅಲ್ಲ, ತಿರುವಿಗೆ ಮೊದಲೇ. ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟು ಹಾಕಿಸುವಷ್ಟೇ ಕಟ್ಟುನಿಟ್ಟಾಗಿ ಇದನ್ನೂ ಮಾಡಿಸಿ ನೋಡಬೇಕು.

– ಒಬ್ಬ ಓದುಗ, ಬೆಳ್ತಂಗಡಿ