ನೋಡುವವರ ಋಣ

ಪಕ್ಷಿವೀಕ್ಷಣೆಯು ನಿರುಪದ್ರವಿ ಹವ್ಯಾಸವೆಂಬ ಮಾತು ಸರಿ. ಆದರೆ ಉಪದ್ರವ ಮಾಡದಿದ್ದರೆ ಹೊಣೆ ತೀರಿತೇ? ಈ ಪ್ರಶ್ನೆಯನ್ನು ಕೊಕ್ಕರೆ ಬೆಳ್ಳೂರಿನಲ್ಲಿ ನಿಂತು ಕೇಳಬೇಕು.

ಮದ್ದೂರು ತಾಲ್ಲೂಕಿನ ಈ ಗ್ರಾಮಕ್ಕೆ ಪ್ರತಿವರ್ಷ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಬಂದು, ಮನೆಗಳ ನಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಅವುಗಳಿಗಾಗಿ ರೈತರು ಹುಣಸೆಯ ಫಸಲನ್ನು ಬಿಟ್ಟುಕೊಡುತ್ತಾರೆ. ಹಿಕ್ಕೆಯ ನಾತವನ್ನು ಸಹಿಸುತ್ತಾರೆ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಅರಣ್ಯ ಇಲಾಖೆ ಮರಗಳಿಗೆ ಅಲ್ಪ ಪರಿಹಾರ ನೀಡುತ್ತದೆ. ಅದೇ ಮರದಡಿ ಲಕ್ಷಾಂತರ ಬೆಲೆಯ ಕ್ಯಾಮೆರಾ ಹಿಡಿದವನ ಹಣದಲ್ಲಿ ಕ್ಯಾಮೆರಾ ಕಂಪನಿಗೂ ಪೆಟ್ರೋಲ್ ಬಂಕಿಗೂ ಪಾಲುಂಟು. ಮರದೊಡೆಯನಿಗೆ ಮಾತ್ರ ಇಲ್ಲ. ಇದು ನ್ಯಾಯವೇ?

ಅಮೆರಿಕದಲ್ಲಿ ಬಾತುಕೋಳಿಯ ಬೇಟೆಗಾರರು 1934ರಿಂದಲೂ 'ಡಕ್ ಸ್ಟಾಂಪ್' ಕೊಳ್ಳಲೇಬೇಕಾಗಿದೆ. ಆ ಹಣದಿಂದ ಇದುವರೆಗೆ ಸುಮಾರು 60 ಲಕ್ಷ ಎಕರೆ ನೆಲೆಗಳಿಗೆ ರಕ್ಷಣೆ ದೊರೆತಿದೆ. ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೆ ಮೀಸಲಿಡುವ ಕಾನೂನು 1937ರಲ್ಲೇ ಬಂದಿತು. ದುರ್ಬೀನಿಗೆ ಅಂಥ ತೆರಿಗೆಯಿಲ್ಲ. ಕೊಲ್ಲುವವನು ತೆರುತ್ತಾನೆ, ಪ್ರೀತಿಸುವವನು ತೆರುವುದಿಲ್ಲ! ಬೇಟೆಗಾರನು ಪ್ರಾಣ ತೆಗೆಯುತ್ತಾನೆ, ನಾವು ಏನನ್ನೂ ತೆಗೆಯುವುದಿಲ್ಲ ಎನ್ನಬಹುದು. ಆದರೆ ಹಕ್ಕಿಗೆ ಬೇಕಾದ ನೀರೂ ಮರವೂ ನಮ್ಮ ಸೌಮ್ಯತೆಯಿಂದ ಹುಟ್ಟುವುದಿಲ್ಲ. ಅವನ್ನು ಯಾರೋ ಉಳಿಸಿಕೊಡಬೇಕು.

ಪಕ್ಷಿಧಾಮದ ಟಿಕೆಟ್ ಕೊಳ್ಳುತ್ತೇವಲ್ಲ ಎಂಬುದು ಇನ್ನೊಂದು ಸಮರ್ಥನೆ. ರಂಗನತಿಟ್ಟಿಗೆ ದ್ವಾರವಿದೆ, ಊರಕೆರೆಗೆ, ಗದ್ದೆಬಯಲಿಗೆ, ಹಿತ್ತಲ ಹುಣಸೆಗೆ ದ್ವಾರವೆಲ್ಲಿ? ಹಕ್ಕಿಗಳು ಬೇಲಿಯೊಳಗಷ್ಟೇ ಬದುಕುವುದಿಲ್ಲ. ರಂಗನತಿಟ್ಟಿನ ದ್ವೀಪದಲ್ಲಿ ಗೂಡು ಕಟ್ಟುವ ಹಕ್ಕಿಯೂ ಮೇವಿಗಾಗಿ ಹೊರಗಿನ ಕೆರೆ, ಗದ್ದೆಗಳಿಗೆ ಹಾರುತ್ತದೆ.

ಆದುದರಿಂದ ದುಬಾರಿ ದುರ್ಬೀನು, ಮಸೂರಗಳ ಮೇಲೆ ಸಣ್ಣದೊಂದು ಕರ ವಿಧಿಸಿ, ಅದನ್ನು ಹಕ್ಕಿಗಳ ನೆಲೆಗೇ ಮೀಸಲಿಡಲಿ. ವಿದ್ಯಾರ್ಥಿಗಳಿಗೆ ವಿನಾಯಿತಿಯಿರಲಿ. ಹಣದ ಲೆಕ್ಕವನ್ನು ಗ್ರಾಮಸಭೆಯ ಮುಂದಿಡಲಿ. ಏಕೆಂದರೆ ಲೆಕ್ಕವಿಲ್ಲದ ನಿಧಿಯು ಕೆರೆಯನ್ನು ಉಳಿಸದು. ಹಣ ತೆತ್ತವನು ಒಡೆತನ ಸಾಧಿಸಬಾರದು. ಮರದ ಬಗೆಗಿನ ಕೊನೆಯ ಮಾತು ಊರಿನದೇ ಆಗಿರಲಿ.

ಕಾನೂನು ಬರುವ ತನಕ ಕಾಯಬೇಕಾಗಿಯೂ ಇಲ್ಲ. ಪಕ್ಷಿವೀಕ್ಷಕರ ಬಳಗಗಳು ಪ್ರತಿ ಪ್ರವಾಸದ ಖರ್ಚಿನಲ್ಲಿ ಒಂದು ಪಾಲನ್ನು ಆಯಾ ಊರಿಗೆ ಸಲ್ಲಿಸುವ ನಿಯಮವನ್ನು ತಾವೇ ಮಾಡಿಕೊಳ್ಳಬಹುದು. ಇದನ್ನು ದಾನವೆಂದು ಕರೆಯಬೇಡಿ. ಹುಣಸೆಯ ಫಸಲು ಬಿಟ್ಟುಕೊಟ್ಟ ರೈತನು ನಮ್ಮ ಪಾಲನ್ನೂ ಈಗಾಗಲೇ ತೆತ್ತಿದ್ದಾನೆ. ಅದು ನಾವು ತೀರಿಸಬೇಕಾದ ಸಾಲ.