ಹಾಡುವವರಿಗೊಂದು ಜಾಗ

ಇಂಗ್ಲೆಂಡಿನ ಫುಟ್‌ಬಾಲ್ ಮೈದಾನಗಳಲ್ಲಿ ಹಾಡು ಕುಗ್ಗಿತೆಂಬ ಕೊರಗು ಹೊಸತಲ್ಲ. 1989ರ ಹಿಲ್ಸ್‌ಬರೋ ದುರಂತದಲ್ಲಿ 97 ಮಂದಿ ಪ್ರಾಣ ತೆತ್ತ ಬಳಿಕ, ಮೇಲಿನ ದರ್ಜೆಯ ಮೈದಾನಗಳಲ್ಲಿ ನಿಂತು ನೋಡುವ ಮೆಟ್ಟಿಲುಗಳು ಹೋಗಿ ಕುರ್ಚಿಗಳು ಬಂದವು. ಅದನ್ನು ಆಕ್ಷೇಪಿಸುವವನು ನಾನಲ್ಲ. ಆದರೆ ಜೊತೆಗೂಡಿ ನಿಲ್ಲುತ್ತಿದ್ದ ಗೆಳೆಯರು ಸಂಖ್ಯೆ ಬರೆದ ಕುರ್ಚಿಗಳಲ್ಲಿ ಚೆದರಿಹೋದರು. ಟಿಕೆಟ್ಟಿನ ಬೆಲೆಯೇರಿ, ಹಾಡುವ ವಯಸ್ಸಿನ ಹುಡುಗರು ಹಲವರು ಹೊರಗುಳಿದರು.

ಈಗ ಕೆಲವು ಕ್ಲಬ್ಬುಗಳು ‘ಹಾಡುವವರ ವಿಭಾಗ’ವೊಂದನ್ನು ಗುರುತಿಸಿಕೊಡುತ್ತಿವೆ. ಒಳ್ಳೆಯದೇ. ಆದರೆ ನಮ್ಮ ಭಜನೆಯವರನ್ನು ಕೇಳಿ ನೋಡಿ: ಸೊಲ್ಲೆತ್ತುವವನೊಬ್ಬನಿದ್ದರೆ ಸಾಲದು, ಹಿಡಿದು ಹಾಡುವ ಹತ್ತು ಕೊರಳು ಅವನ ಮಗ್ಗುಲಲ್ಲೇ ಇರಬೇಕು. ಧ್ವನಿವರ್ಧಕಕ್ಕೆ ಆ ಕೆಲಸ ಬಾರದು. 2022ರಿಂದ ಅಲ್ಲಿ ಪರವಾನಗಿ ಪಡೆದ ಮೈದಾನಗಳಲ್ಲಿ, ಕಂಬಿಯ ಆಸರೆಯಿರುವೆಡೆ ನಿಂತು ನೋಡಲು ಅನುಮತಿಯುಂಟು. ಹಾಡುವವರಿಗೆ ಆ ಜಾಗವನ್ನೇ ಬಿಟ್ಟುಕೊಟ್ಟು, ಗೆಳೆಯರಿಗೆ ಅಕ್ಕಪಕ್ಕದ ಟಿಕೆಟ್ಟುಗಳನ್ನು ಅಗ್ಗವಾಗಿ ಕೊಡಲಿ. ಯಾವ ಹಾಡು ಎಂಬುದನ್ನು ಮಾತ್ರ ಹಾಡುವವರಿಗೇ ಬಿಡಲಿ.